ಗ್ಲೋಬಿನ ಮೇಲೊಂದು ದಾರ

ಬೋಧನಾಭ್ಯಾಸದ ಆರನೆಯ ಪಾಠಕ್ಕೆ ನಾನು ಆಯ್ದುಕೊಂಡದ್ದು ‘ರೇಖಾಂಶ ಮತ್ತು ವೇಳೆ’. ತರಗತಿ ಒಂಬತ್ತು. ಪೀಠಿಕೆಗೆ ನಿಜವಾಗಿ ನಡೆದ ಒಂದು ಪ್ರಯಾಣವನ್ನೇ ತೆಗೆದುಕೊಂಡಿದ್ದೆ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾ ವಿಮಾನ ಉತ್ತರ ಧ್ರುವದ ಮೇಲೆ ಹಾರಿ, ನಡುವೆ ಎಲ್ಲಿಯೂ ಇಳಿಯದೆ, 11ರ ನಸುಕಿನಲ್ಲಿ ಬೆಂಗಳೂರು ತಲುಪಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಜೊತೆ ವಿಮಾನ ನಡೆಸಿದವರೆಲ್ಲ ಮಹಿಳೆಯರು.

“ಎಷ್ಟು ಹೊತ್ತು ಹಾರಿತು?” ಎಂದೆ. ಮಕ್ಕಳು ಎಣಿಸಿ ಸುಮಾರು 31 ಗಂಟೆ ಎಂದರು. ಜನವರಿಯಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ. ಅದನ್ನು ಕಳೆದಾಗ ಹದಿನೇಳು ಗಂಟೆಗಿಂತ ತುಸು ಹೆಚ್ಚು ಬಂತು. ಪಾಠ ಯೋಜನೆಯಂತೆಯೇ ಸಾಗುತ್ತಿತ್ತು. ಆ ಹುರುಪಿನಲ್ಲಿ ಗೋಡೆಯ ಭೂಪಟಕ್ಕೆ ಅಳತೆಪಟ್ಟಿ ಇಟ್ಟು, ಎರಡೂ ನಗರಗಳನ್ನು ಸೇರಿಸಿ ಗೆರೆ ಎಳೆದು, “ಇದೇ ಹತ್ತಿರದ ದಾರಿ” ಎಂದುಬಿಟ್ಟೆ.

ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. “ಮಿಸ್, ಉತ್ತರ ಧ್ರುವದ ಮೇಲೆ ಬಂತು ಅಂದ್ರಿ. ಗೆರೆ ಸಹಾರಾ ಮೇಲೆ ಎಳೆದ್ರಿ. ಹತ್ತಿರದ ದಾರಿ ಬಿಟ್ಟು ಸುತ್ತಿಕೊಂಡು ಬಂತಾ?”

ನನಗೆ ಉತ್ತರ ತಿಳಿದಿರಲಿಲ್ಲ. ಮೌಲ್ಯಮಾಪನಕ್ಕೆ ಹತ್ತೇ ನಿಮಿಷ ಉಳಿದಿತ್ತು. “ಹವಾಮಾನ ಸರಿ ಇರಲಿಲ್ಲವೇನೋ, ಕೂತ್ಕೋ” ಎಂದೆ. ಅವನು ಕೂತ. ಪಾಠ ಮುಗಿದ ಮೇಲೆ ವೀಕ್ಷಕರಾಗಿದ್ದ ಮೇಡಂ ನನ್ನ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: “ಗ್ಲೋಬ್ ಮೇಜಿನ ಮೇಲೆಯೇ ಇತ್ತು.”

ಸಂಜೆ ಆ ಗ್ಲೋಬಿನ ಮುಂದೆ ದಾರ ಹಿಡಿದು ಕುಳಿತೆ. ಸಮಭಾಜಕವೃತ್ತದ ಸುತ್ತ 94 ಸೆಂ.ಮೀ.; ಭೂಮಿಯ ಮೇಲೆ ಅದು ಸುಮಾರು 40,000 ಕಿ.ಮೀ. ಎರಡು ನಗರಗಳ ನಡುವೆ ದಾರ ಬಿಗಿದಾಗ ಅದು ತಾನಾಗಿ ಉತ್ತರಕ್ಕೆ ಸರಿದು ಅಲಾಸ್ಕಾ ದಾಟಿ ಸೈಬೀರಿಯಾದ ಉತ್ತರ ಅಂಚಿನ ಮೇಲೆ ಹಾಯ್ದಿತು. ಉದ್ದ 33 ಸೆಂ.ಮೀ., ಅಂದರೆ ಸುಮಾರು 14,000 ಕಿ.ಮೀ. ನಾನು ಭೂಪಟದಲ್ಲಿ ಎಳೆದ ಗೆರೆ ಹಾಯುವ ಜಾಗಗಳ ಮೇಲೆಯೇ ದಾರ ಹಾಸಿದರೆ 47 ಸೆಂ.ಮೀ., ಸುಮಾರು 20,000 ಕಿ.ಮೀ.! ಚಪ್ಪಟೆ ಭೂಪಟ ಧ್ರುವದ ಕಡೆಯ ಭಾಗಗಳನ್ನು ಹಿಗ್ಗಿಸಿ ತೋರಿಸುತ್ತದೆ. ಅಲ್ಲಿ ನೇರವಾಗಿ ಕಂಡದ್ದು ಗೋಳದ ಮೇಲೆ ನೇರವಲ್ಲ.

ಗಂಟೆಗೆ 900 ಕಿ.ಮೀ. ವೇಗವೆಂದರೂ ನನ್ನ ಗೆರೆಯ ದಾರಿಗೆ 22 ಗಂಟೆ ಬೇಕು. ಹದಿನೇಳು ಗಂಟೆ ಎಂದು ಕರಿಹಲಗೆಯ ಮೇಲೆ ಬರೆದವಳೂ ನಾನೇ. ಎರಡೂ ಒಂದಕ್ಕೊಂದು ಹೊಂದುವುದಿಲ್ಲವೆಂದು ನನಗೆ ಹೊಳೆದಿರಲಿಲ್ಲ. ಗೆರೆಯಲ್ಲಿ ಏನೋ ತಪ್ಪಿದೆ ಎಂದು ಹುಡುಗನಿಗೆ ಹೊಳೆದಿತ್ತು.

ಮರುದಿನ, “ನಿನ್ನೆ ನಾನು ಹೇಳಿದ್ದು ತಪ್ಪು” ಎಂದೇ ಪಾಠ ಆರಂಭಿಸಿದೆ. ಹುಡುಗನನ್ನು ಕರೆದು ದಾರ ಕೊಟ್ಟೆ. ಅವನು ಬಿಗಿಯಾಗಿ ಎಳೆದು, ಕಣ್ಣರಳಿಸಿ, “ಹಾಗಾದ್ರೆ ಸುತ್ತಿಕೊಂಡು ಬಂದಿದ್ದು ನಿಮ್ಮ ಗೆರೆ, ಮಿಸ್!” ಎಂದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ.

ಈಗ ನನ್ನ ಪಾಠಯೋಜನೆಯಲ್ಲಿ ಮೌಲ್ಯಮಾಪನಕ್ಕೆ ಮುಂಚೆ ಐದು ನಿಮಿಷ ಖಾಲಿ ಬಿಡುತ್ತೇನೆ. ಅದು ಹಿಂದಿನ ಬೆಂಚಿಗೆ.