ನೃಪತುಂಗನ ರೇಂಜಿನಲ್ಲಿ

‘ನಿಮ್ಮ ಅಳಿಯನ ಹಿಂದೆ ಸಾಲದವರು ಬಿದ್ದಿದ್ದಾರಾ?’ ಎಂದು ನಮ್ಮ ಸೊಸೈಟಿಯ ವಾಚ್‌ಮನ್ ಕೇಳಿದ. ಹಿಂದಿಯಲ್ಲಿ ಕೇಳಿದ, ಕಾಳಜಿಯಿಂದಲೇ ಕೇಳಿದ. ಅವನ ತಪ್ಪಲ್ಲ. ತಂಗಿಯ ಮಗ ಬೆಳಕು ಹರಿಯುವ ಮೊದಲೇ ಗೇಟು ದಾಟುತ್ತಾನೆ. ಓಡಿದ ಹಾಗೂ ಅಲ್ಲ, ನಡೆದ ಹಾಗೂ ಅಲ್ಲ. ಬಿಸಿಲೇರಿದ ಮೇಲೆ ಅಂಗಿ ಹಿಂಡುವಷ್ಟು ಬೆವತು ಬರುತ್ತಾನೆ. ಮಹಾರಾಷ್ಟ್ರ ಅರಣ್ಯ ಇಲಾಖೆಯ ರೇಂಜರ್ ಹುದ್ದೆಗೆ ಲಿಖಿತ ಪರೀಕ್ಷೆ ಪಾಸಾಗಿದೆ. ಉಳಿದಿರುವುದು ಸಂದರ್ಶನ, ಜೊತೆಗೆ ನಾಲ್ಕು ಗಂಟೆಯಲ್ಲಿ 25 ಕಿ.ಮೀ. ನಡಿಗೆ. ಬೊರಿವಲಿಯ ನ್ಯಾಷನಲ್ ಪಾರ್ಕಿನ ಗೇಟಿನಿಂದ ಕಾನ್ಹೇರಿ ಗುಹೆಗಳಿಗೆ ಎರಡು ಸಲ ಹೋಗಿ ಬಂದರೆ ಹತ್ತಿರ ಹತ್ತಿರ ಅಷ್ಟಾಗುತ್ತದೆ.

ನಡಿಗೆ ಅವನದು, ಸಂದರ್ಶನ ನನ್ನದು. ರಾತ್ರಿ ಊಟವಾದ ಮೇಲೆ ನಾನು ಬೋರ್ಡಿನ ಛೇರ್ಮನ್. ಅವನು ಕಾಲು ಜೋಡಿಸಿ ಕುಳಿತು ಮರಾಠಿಯಲ್ಲಿ ಉತ್ತರಿಸುತ್ತಾನೆ. ಪಾರ್ಕು ನೂರು ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಕಾರ್ವಿ ಎಂಟು ವರ್ಷಕ್ಕೊಮ್ಮೆ ಹೂ ಬಿಡುತ್ತದೆ, 2016ರಲ್ಲಿ ಬಿಟ್ಟಿತ್ತು, ಮತ್ತೆ 2024ರಲ್ಲಿ. 2015ರ ಕ್ಯಾಮೆರಾಗಳಲ್ಲಿ ಸಿಕ್ಕ ಚಿರತೆಗಳು 35. ಎಲ್ಲ ಸರಿ. ನನಗೆ ಸಮಸ್ಯೆಯಾಗುವುದು ಬೇರೆ: ಎದುರು ಕೂತವನು ನಾಳೆ ರೇಂಜರ್ ಆಗುತ್ತಾನೆ ಎಂದು ನೆನೆದರೆ ಸಾಕು, ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಶಿರಸಿ ಕಡೆಯವರಿಗೆ ಇದು ರಕ್ತದಲ್ಲೇ ಬಂದದ್ದು.

ನಮ್ಮಲ್ಲಿ ಜೀಪಿನ ಸದ್ದು ಕೇಳಿದರೆ ಮೊದಲು ಆಗುತ್ತಿದ್ದ ಕೆಲಸ ಹಲಗೆ ಅಡಗಿಸುವುದು. ಒಮ್ಮೆ ಅಜ್ಜ ಅನುಮತಿ ಬರುವ ಮೊದಲೇ ಹಲಸಿನ ಮರ ಕೊಯ್ಯಿಸಿದ್ದ. ಹಲಗೆಗಳೆಲ್ಲ ಕೊಟ್ಟಿಗೆಯ ಅಟ್ಟದ ಹುಲ್ಲಿನಡಿ ಸೇರಿದವು. ರೇಂಜರು ಜಗಲಿಯಲ್ಲಿ ಕೂತು ಆಸರಿಗೆ ಕುಡಿದರು, ಕವಳ ಹಾಕಿದರು, ಮಳೆ-ಬೆಳೆ ವಿಚಾರಿಸಿದರು. ಏಳುವಾಗ ಅಜ್ಜನ ಪಾದ ನೋಡಿ, ‘ಹೆಗಡೇರೇ, ಕಾಲಿಗೆಲ್ಲ ಅರಿಶಿನ ಹಚ್ಚಿಕೊಂಡಿದ್ದೀರಲ್ಲ, ಮನೆಯಲ್ಲಿ ಮದುವೆಯಾ?’ ಎಂದರು. ಹಲಸಿನ ಗರಗಸದ ಹುಡಿ ಎಷ್ಟು ಹಳದಿ ಎಂಬುದು ಅಜ್ಜನ ಕಾಲಿನ ಮೇಲೇ ಇತ್ತು. ಅಜ್ಜನ ಉತ್ತರ ನನಗೆ ನೆನಪಿಲ್ಲ. ಆ ರೇಂಜರರ ನಗು ನೆನಪಿದೆ, ಅಜ್ಜಿ ಒಳಗಿನಿಂದ ಒಂದು ಡಬ್ಬ ಜೋನಿಬೆಲ್ಲ ತಂದಿಟ್ಟದ್ದೂ.

ಅಜ್ಜನಿಗಿಂತ ಹಿಂದಿನವರು ಹೆದರಿದ್ದು ಮುಂಬಯಿಯ ರೇಂಜರಿಗೆ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಹೋದದ್ದು 1956ರವರೆಗೆ ಅಲ್ಲೇ ಇತ್ತಲ್ಲ. ಹಾಗೆ ನೋಡಿದರೆ ನಮ್ಮ ಮನೆಯವನೊಬ್ಬ ಮುಂಬಯಿಯಲ್ಲಿ ರೇಂಜರ್ ಆಗಹೊರಟಿರುವುದು ಹಳೇ ಬಾಕಿ ವಸೂಲಿ.

ಆದರೆ ಬೊರಿವಲಿ ಕಾಡಿನ ಮೇಲೆ ನಮ್ಮ ಹಕ್ಕು ಇದಕ್ಕಿಂತ ಹಳೆಯದು ಎಂಬುದು ನನ್ನ ವಾದ. ಕಾನ್ಹೇರಿಯಲ್ಲಿ ಕಪ್ಪು ಬಂಡೆ ಕೊರೆದ ನೂರಕ್ಕೂ ಹೆಚ್ಚು ಗುಹೆಗಳಿವೆ. ಹೋದವರೆಲ್ಲ ಎತ್ತರದ ಬುದ್ಧನ ಮುಂದೆ ಫೋಟೋ ತೆಗೆಸಿಕೊಂಡು, ಮಂಗಗಳಿಗೆ ಚಿಪ್ಸ್ ಕಳೆದುಕೊಂಡು ಇಳಿಯುತ್ತಾರೆ. ಅಲ್ಲಿ ನಮ್ಮ ನೃಪತುಂಗನ ಹೆಸರಿದೆ. ಶಾಲೆಯಲ್ಲಿ ಕವಿರಾಜಮಾರ್ಗ ಎಂದೊಡನೆ ಕೈಯೆತ್ತಿ ಹೇಳುತ್ತಿದ್ದೆವಲ್ಲ, ಅದೇ ರಾಷ್ಟ್ರಕೂಟ ಅಮೋಘವರ್ಷ. 843ರಿಂದ 877ರೊಳಗಿನ ಮೂರು ಶಾಸನಗಳು, ಎಲ್ಲವೂ ಅವನ ಆಳ್ವಿಕೆಯವು. ಕವಿರಾಜಮಾರ್ಗ ಹುಟ್ಟಿದ್ದೂ ಆ ದಶಕಗಳಲ್ಲೇ. ಅದು ಹೇಳುವ ಕನ್ನಡ ನಾಡು ಗೋದಾವರಿಗೆ ಮುಗಿಯುತ್ತದೆ. ಕೊಂಕಣದ ಈ ಗುಡ್ಡ ಅದರೊಳಗೆ ಬರುತ್ತದೋ ಇಲ್ಲವೋ ಎಂಬ ಚರ್ಚೆಗೆ ನಾನು ಸಿಗುವುದಿಲ್ಲ.

ಮಾನ್ಯಖೇಟದಲ್ಲಿ ಕೂತ ದೊರೆ ಇಲ್ಲಿಗೆ ಬಂದಿದ್ದನೆಂದಲ್ಲ. ಮುಂಬಯಿಯಲ್ಲಿ ಉಡುಪಿ ಹೋಟೆಲುಗಳನ್ನು ಕಂಡಕ್ಟಿಂಗ್‌ಗೆ, ಅಂದರೆ ಬೇರೆಯವರಿಗೆ ನಡೆಸಲು, ಕೊಡುತ್ತಾರಲ್ಲ, ಹಾಗೆ ಉತ್ತರ ಕೊಂಕಣ ಶಿಲಾಹಾರರ ಕೈಯಲ್ಲಿತ್ತು. ಗಲ್ಲಾದಲ್ಲಿ ಕೂರುವವನು ಪುಲ್ಲಶಕ್ತಿ, ಅವನ ನಂತರ ಮಗ ಕಪರ್ದಿ. ಬೋರ್ಡಿನ ಮೇಲಿನ ಹೆಸರು ಮಾತ್ರ ಅಮೋಘವರ್ಷನದು. ಒಬ್ಬ ದಾನಿ ಭಿಕ್ಷುಗಳ ಬಟ್ಟೆಗೆ, ವಿಹಾರದ ರಿಪೇರಿಗೆ, ಪುಸ್ತಕಕ್ಕೆ ಎಂದು ದ್ರಮ್ಮ ನಾಣ್ಯಗಳನ್ನು ಬಿಡಿಬಿಡಿಯಾಗಿ ಎಣಿಸಿ ಇಟ್ಟಿದ್ದಾನೆ. ಇನ್ನೊಬ್ಬ ಅವಿಘ್ನಾಕರ, ದೂರದ ಗೌಡ ದೇಶದಿಂದ, ಅಂದರೆ ಬಂಗಾಳದಿಂದ ಬಂದವನು. ನೂರು ದ್ರಮ್ಮ ಕೊಟ್ಟ. ಬೌದ್ಧರ ಗುಹೆ, ಜಿನಭಕ್ತ ದೊರೆ, ಕೊಂಕಣದ ಸಾಮಂತ, ಬಂಗಾಳಿಯ ದುಡ್ಡು, ಸಂಸ್ಕೃತದ ಬರಹ. ಚರ್ಚ್‌ಗೇಟಿನಿಂದ ಹೊರಡುವ ಯಾವ ಲೋಕಲ್ಲಿನ ಡಬ್ಬಿಯಲ್ಲಿ ನೋಡಿದರೂ ಇದೇ ಮಂದಿ. 1009ರಲ್ಲಿ, ಮತ್ತೆ 1021ರಲ್ಲಿ ಬಂದ ಪಾರಸಿಗಳು ಪಹ್ಲವಿ ಲಿಪಿಯಲ್ಲಿ ತಮ್ಮ ತಮ್ಮ ಹೆಸರು ಕೆತ್ತಿ ಹೋದ ಮೇಲಂತೂ ಯಾರೂ ಬಾಕಿ ಉಳಿಯಲಿಲ್ಲ.

ಇದನ್ನೆಲ್ಲ ನಾನು ಹೇಳುವಾಗ ಅಳಿಯ ಕಾಲು ನೀವಿಕೊಳ್ಳುತ್ತಿರುತ್ತಾನೆ. ‘ಮಾವ, ಬೋರ್ಡಿನವರು ಅಮೋಘವರ್ಷನನ್ನು ಕೇಳುವುದಿಲ್ಲ. ಅತಿಕ್ರಮಣ ಕೇಳುತ್ತಾರೆ, ಅದರ ಬಗೆಗಿನ 1997ರ ಹೈಕೋರ್ಟ್ ಆದೇಶ ಕೇಳುತ್ತಾರೆ, ವಿಹಾರ್ ಕೆರೆ ಕೇಳುತ್ತಾರೆ.’ ವಿಹಾರ್ 1860ರದು, ತುಳಸಿ 1879ರದು. ಎರಡೂ ಪಾರ್ಕಿನಲ್ಲೇ ಇವೆ, ಎರಡರ ನೀರನ್ನೂ ಮುಂಬಯಿ ಕುಡಿಯುತ್ತದೆ. ಆದರೆ ಗುಹೆಗೊಂದು ಎಂಬಂತೆ ತೊಟ್ಟಿ ಕೊರೆದು, ಬಂಡೆಯ ಮೇಲೆ ಬಿದ್ದ ಮಳೆಯನ್ನು ಕಾಲುವೆ ತೋಡಿ ಇಳಿಸಿಕೊಂಡ ಭಿಕ್ಷುಗಳು ಆ ಇಂಜಿನಿಯರುಗಳಿಗೆ ಎಷ್ಟೋ ಶತಮಾನ ಸೀನಿಯರ್ ಎಂದು ನಾನು ಹೇಳದೆ ಬಿಡಲಿಲ್ಲ.

‘ಸರಿ, ಸೊಸೈಟಿಯೊಳಗೆ ಚಿರತೆ ಬಂದಿದೆ. ಮೊದಲು ಏನು ಮಾಡ್ತೀರಿ?’

‘ಜನರನ್ನು ಹಿಡೀತೇನೆ ಸರ್.’

ಉತ್ತರ ನನಗೆ ಹಿಡಿಸಿತು. ಗುಂಪು ಕೂಡಿ, ಮೊಬೈಲ್ ಎತ್ತಿ, ದಾರಿ ಕಟ್ಟಿದರೆ ಚಿರತೆಗೆ ಮೈಮೇಲೆ ಬೀಳದೆ ಗತ್ಯಂತರವಿಲ್ಲ. ಹಿಡಿದು ಬೇರೆ ಕಾಡಿಗೆ ಬಿಡುವ ಹಳೇ ಪದ್ಧತಿ ಕಾಟವನ್ನು ಹೆಚ್ಚಿಸಿತೇ ಹೊರತು ಇಳಿಸಲಿಲ್ಲ ಎಂಬುದನ್ನೂ ಅವನು ಓದಿಕೊಂಡಿದ್ದಾನೆ. ಪಾರ್ಕಿನೊಳಗಿನ ಪಾಡಾ ಎಂಬ ಹಾಡಿಗಳಲ್ಲಿ ವಾರ್ಲಿಗಳು ಹುಲಿದೇವರು ವಾಘೋಬನಿಗೆ ಪೂಜೆ ಸಲ್ಲಿಸಿ ಚಿರತೆಯ ಜೊತೆಗೇ ಬದುಕಿದ್ದಾರೆ. ಕಿರುಚುವುದು ಏಳನೇ ಮಹಡಿಯವರು.

ಇಷ್ಟರ ಮೇಲೂ ಛೇರ್ಮನ್ನನಿಗೆ ಆಸೆ ಬಿಡಲಿಲ್ಲ. ಕೊನೆಯ ಪ್ರಶ್ನೆ ಎಂದು ಕನ್ನಡಕ ಸರಿಮಾಡಿಕೊಂಡು ಕೇಳಿದೆ: ‘ನೀವು ರೇಂಜರ್. 1021ನೇ ಇಸವಿ. ಕೆಲವರು ಕಾನ್ಹೇರಿಯ ಗೋಡೆ ಮೇಲೆ ಹೆಸರು ಕೆತ್ತುತ್ತಿದ್ದಾರೆ, ಪಕ್ಕದಲ್ಲಿ ಒಂದು ಮಂಗ ಅವರ ಬುತ್ತಿ ಕಿತ್ತುಕೊಳ್ಳುತ್ತಿದೆ. ನಿಮ್ಮ ಕ್ರಮ?’

ಅವನು ಒಂದು ಕ್ಷಣವೂ ತಡೆಯಲಿಲ್ಲ.

‘ಗೋಡೆ ಪುರಾತತ್ವ ಇಲಾಖೆಯದು ಸರ್, ಅವರಿಗೆ ಪತ್ರ ಬರೀತೇನೆ. ಮಂಗ ಮಾತ್ರ ನಮ್ಮದು.’

ಅವನ ತಾಯಿಯನ್ನು ಕರೆದು, ಹುಡುಗ ಸರಕಾರಿ ಕೆಲಸಕ್ಕೆ ತಯಾರಾಗಿದ್ದಾನೆ, ಇನ್ನು ಓದುವುದೇನೂ ಉಳಿದಿಲ್ಲ ಎಂದು ಹೇಳಿದೆ.