ಇಂಜಿನು ಬದಲಿಸಿದ ಜೀಪು

ಮನುಷ್ಯನಿಗೆ ವಯಸ್ಸಾದರೆ ಮನೆಯವರು ಅವನನ್ನು ಜಗಲಿಯ ಮೂಲೆಯಲ್ಲಿ ಕುಳ್ಳಿರಿಸುತ್ತಾರೆ. ಜೀಪಿಗೆ ವಯಸ್ಸಾದರೆ ಕೊಟ್ಟಿಗೆಯ ಮೂಲೆಯಲ್ಲಿ ನಿಲ್ಲಿಸುತ್ತಾರೆ. ನಮ್ಮ ಮನೆಯಲ್ಲಿ ಈ ಎರಡು ಸ್ಥಾನಗಳೂ ಭರ್ತಿಯಾಗಿದ್ದುವು. ನಾನು ಅಧ್ಯಾಪಕ ವೃತ್ತಿಯಿಂದ ನಿವೃತ್ತನಾಗಿ ಜಗಲಿಯನ್ನು ಸೇರಿದ ವರ್ಷ, ಅಣ್ಣನು ತೀರಿಕೊಂಡ ಮೇಲೆ ಯಾರೂ ಮುಟ್ಟದೆ ಬಿಟ್ಟಿದ್ದ ಜೀಪು ಕೊಟ್ಟಿಗೆಯಲ್ಲಿ ತನ್ನ ಆರನೆಯ ಮಳೆಗಾಲವನ್ನು ಕಳೆಯುತ್ತಿದ್ದಿತು. ಒಬ್ಬ ನಿರುದ್ಯೋಗಿಗೆ ಇನ್ನೊಬ್ಬ ನಿರುದ್ಯೋಗಿಯ ಮೇಲೆ ಕನಿಕರ ಹುಟ್ಟುವುದು ಸಹಜವಲ್ಲವೆ? ಅದನ್ನು ದುರಸ್ತಿ ಮಾಡಿಸಿಯೇ ತೀರುವೆನೆಂದು ನಾನು ಹೊರಟೆ.

ಬಯಲು ಸೀಮೆಯ ವಾಚಕರಿಗೆ ಒಂದು ಮಾತನ್ನು ಹೇಳಬೇಕು. ನಮ್ಮ ಕುಂಬ್ಡಾಜೆಯಲ್ಲಿ ಅಡಿಕೆಯ ತೋಟ ಕಣಿವೆಯಲ್ಲಿ, ಮನೆ ತೋಟದ ತಲೆಯಲ್ಲಿ, ಮಾರ್ಗ ಗುಡ್ಡದ ನೆತ್ತಿಯಲ್ಲಿ. ಮಾರ್ಗದಿಂದ ಮನೆಗೆ ಇಳಿಯುವ ದಾರಿಯನ್ನು ಮುರಕಲ್ಲನ್ನು ಕಡಿದು ಮಾಡಿರುತ್ತಾರೆ. ಆಟಿ ತಿಂಗಳಲ್ಲಿ ಅದು ದಾರಿಯೂ ಹೌದು, ತೋಡೂ ಹೌದು. ಅಡಿಕೆಯ ಚೀಲ ಮೇಲಕ್ಕೆ ಹೋಗಬೇಕು, ಗೊಬ್ಬರದ ಚೀಲ ಕೆಳಕ್ಕೆ ಬರಬೇಕು. ಮದುಮಗಳೂ ರೋಗಿಯೂ ಅದೇ ಏರನ್ನು ಹತ್ತಬೇಕು. ಇಂತಹ ನಾಡಿನಲ್ಲಿ ಜೀಪು ವೈಭವದ ವಸ್ತುವಲ್ಲ, ಅದು ಏಣಿ.

ಆದರೆ ಈ ಏಣಿಯನ್ನು ಮಾಡಿದವರು ನಮ್ಮ ಗುಡ್ಡಗಳನ್ನು ಕಂಡವರಲ್ಲ. 1940ರಲ್ಲಿ ಅಮೆರಿಕದ ಸೇನೆಯು ಹಗುರವಾದ, ನಾಲ್ಕು ಚಕ್ರಗಳಿಗೂ ಬಲ ಸಲ್ಲುವ ವಾಹನವೊಂದನ್ನು ಬಯಸಿದಾಗ, ಬ್ಯಾಂಟಮ್ ಎಂಬ ಸಣ್ಣ ಕಂಪೆನಿಯು ಮೊದಲ ಮಾದರಿಯನ್ನು ಒಪ್ಪಿಸಿತು. ಯುದ್ಧಕ್ಕೆ ಬೇಕಾದಷ್ಟನ್ನು ಮಾಡಿಕೊಡುವ ಭಾಗ್ಯ ಮಾತ್ರ ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳಿಗೆ ಬಂದಿತು. ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳು ತಯಾರಾದುವು. ಸೇನೆಯ ಜೀಪು 1945ರಲ್ಲಿ ನಾಗರಿಕ ವೇಷವನ್ನು ಧರಿಸಿತು. ಮುಂಬಯಿಯಲ್ಲಿ ಮಹೀಂದ್ರರ ಕಂಪೆನಿಯು 1947ರಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆಯನ್ನು ಆರಂಭಿಸಿತು. ಯುದ್ಧಕ್ಕೆಂದು ಹುಟ್ಟಿದ ಗಾಡಿ ನಮ್ಮಲ್ಲಿ ಹಿಂಡಿಯನ್ನೂ ಹುಲ್ಲನ್ನೂ ಹೊರತೊಡಗಿತು.

ನಮ್ಮದು 1964ರಲ್ಲಿ ತಯಾರಾದ ಸಿಜೆ-3ಬಿ. ಅದರ ಗುರುತು ಎತ್ತರವಾದ ಬಾನೆಟ್ಟು. 1953ರಲ್ಲಿ ಅಮೆರಿಕದಲ್ಲಿ ಹೊರಬಂದ ಈ ಮಾದರಿಗೆ ಹರಿಕೇನ್ ಎಂಬ ಹೊಸ ಪೆಟ್ರೋಲ್ ಇಂಜಿನನ್ನು ಇರಿಸಿದರು. ಹಳೆಯ ಇಂಜಿನಿನಲ್ಲಿ ಕವಾಟಗಳೆಲ್ಲ ಪಕ್ಕದಲ್ಲಿದ್ದುವು. ಇದರಲ್ಲಿ ಒಳಗೆಳೆಯುವ ಕವಾಟವನ್ನು ತಲೆಯ ಮೇಲಕ್ಕೆ ಒಯ್ದರು. ಇಂಜಿನು ಎತ್ತರವಾದುದರಿಂದ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ತಂದೆಯವರು 1968ರಲ್ಲಿ ಈ ಜೀಪನ್ನು ಬೇರೊಬ್ಬರಿಂದ ಕೊಂಡಾಗ ನಾನು ಸಣ್ಣ ಹುಡುಗ. ಆ ಇಂಜಿನಿನ ಉರುಳೆಯ ವ್ಯಾಸ ಕಡಿಮೆ, ಒಳಗಿನ ಪಿಸ್ಟನಿನ ಓಟ ಉದ್ದ. ಆದುದರಿಂದ ಅವಸರವಿಲ್ಲದೆ, ನಿಧಾನವಾಗಿ ಸುತ್ತುತ್ತಲೇ ಏರನ್ನು ಎಳೆದುಬಿಡುತ್ತಿದ್ದಿತು. ಅದರ ಸದ್ದನ್ನು ತಂದೆಯವರು ಜಗಲಿಯಲ್ಲಿ ಕುಳಿತು ತಾಳಮದ್ದಳೆಯ ಅರ್ಥವನ್ನು ಕೇಳುವಂತೆ ಕೇಳುತ್ತಿದ್ದರು.

ದೋಷ ಒಂದೇ: ಅದರ ಬಾಯಾರಿಕೆ. 1973ರ ತೈಲ ಬಿಕ್ಕಟ್ಟಿನ ಬಳಿಕ ಪೆಟ್ರೋಲಿನ ಬೆಲೆ ಹಿಂದಿನಂತೆ ಉಳಿಯಲಿಲ್ಲ. 1990ರ ಕೊಲ್ಲಿ ಬಿಕ್ಕಟ್ಟಿನಲ್ಲಿ ಮತ್ತೆ ಏರಿತು. ಡೀಸೆಲು ಅಗ್ಗವಾಗಿದ್ದಿತು. ಊರೂರುಗಳಲ್ಲಿ ಜೀಪುಗಳ ಇಂಜಿನನ್ನು ಇಳಿಸಿ ಡೀಸೆಲ್ ಇಂಜಿನನ್ನು ಏರಿಸುವ ಪರಿಪಾಠ ಬೆಳೆಯಿತು. ಮನೆಯ ಲೆಕ್ಕವನ್ನು ಬರೆಯುತ್ತಿದ್ದ ಅಣ್ಣನು 1992ರಲ್ಲಿ, ಗುಜರಿಗೆ ಹೋಗಲಿದ್ದ ಇನ್ನೊಂದು ಜೀಪಿನ ಪ್ಯೂಜೋ ಡೀಸೆಲ್ ಇಂಜಿನನ್ನು ತಂದು ನಮ್ಮದಕ್ಕೆ ಕೂರಿಸಿದನು. ತೊಂಬತ್ತು ಮಿಲಿಮೀಟರ್ ಅಗಲದ ನಾಲ್ಕು ಉರುಳೆಗಳು, 2112 ಘನ ಸೆಂಟಿಮೀಟರ್. ಹಳೆಯದಕ್ಕಿಂತ ಗಾತ್ರದಲ್ಲಿ ಸ್ವಲ್ಪ ಕಡಿಮೆ, ಗದ್ದಲದಲ್ಲಿ ಬಹಳ ಹೆಚ್ಚು.

ತಂದೆಯವರು ಒಂದು ಮಾತನ್ನೂ ಆಡಲಿಲ್ಲ. ಆದರೆ ಅಂದಿನಿಂದ ಜೀಪನ್ನು ಹತ್ತಲಿಲ್ಲ. ಗುಡ್ಡವನ್ನು ನಡೆದು ಹತ್ತಿ ಬಸ್ಸಿನಲ್ಲಿ ಬದಿಯಡ್ಕಕ್ಕೆ ಹೋಗುತ್ತಿದ್ದರು. ಅಣ್ಣನೂ ಕರೆಯುವುದನ್ನು ಬಿಟ್ಟನು. ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತರೂ ಅವರಿಬ್ಬರ ನಡುವೆ ಒಂದು ಇಂಜಿನು ಕುಳಿತಿರುತ್ತಿದ್ದಿತು.

ಈಗ ದುರಸ್ತಿಯ ವಿಷಯ. ಬೆಂಗಳೂರಿನಲ್ಲಿರುವ ಅಣ್ಣನ ಮಗನು ಉತ್ಸಾಹದಿಂದ ಹೇಳಿದನು: “ಚಿಕ್ಕಪ್ಪ, ಡೀಸೆಲ್ ಇಂಜಿನನ್ನು ತೆಗೆಸಿಬಿಡಿ. ಅಜ್ಜನ ಹಳೆಯ ಇಂಜಿನು ಕಟ್ಟಿಗೆಯ ಕೊಟ್ಟಿಗೆಯಲ್ಲಿ ಇದೆಯಲ್ಲ, ಅದನ್ನೇ ಕೂರಿಸೋಣ. ಜೀಪಿಗೆ ಬೆಲೆ ಬರುವುದು ಆಗ.” ಅವನು ಕಾನೂನನ್ನೂ ಓದಿಕೊಂಡಿದ್ದನು. 2021ರ ಜುಲೈ ತಿಂಗಳಲ್ಲಿ ಕೇಂದ್ರ ಸರಕಾರವು ಪ್ರಕಟಿಸಿದ ನಿಯಮದಂತೆ, ಐವತ್ತು ವರ್ಷ ದಾಟಿದ, ಚಾಸಿಯಲ್ಲಾಗಲಿ ಮೈಯಲ್ಲಾಗಲಿ ಇಂಜಿನಿನಲ್ಲಾಗಲಿ ದೊಡ್ಡ ಮಾರ್ಪಾಡನ್ನು ಕಾಣದ ವಾಹನಕ್ಕೆ ‘ವಿಂಟೇಜ್’ ಎಂಬ ಗೌರವದ ನೋಂದಣಿ ದೊರೆಯುತ್ತದೆ. ಸಂಖ್ಯೆಯಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ. ನಮ್ಮ ಜೀಪಿನ ಪುಸ್ತಕದಲ್ಲಿಯಾದರೋ ಡೀಸೆಲೆಂದೇ ಬರೆದಿದ್ದಿತು. ಇಂಜಿನನ್ನು ಬದಲಿಸಿದರೆ ನೋಂದಣಿ ಅಧಿಕಾರಿಯ ಒಪ್ಪಿಗೆ ಪಡೆದು ದಾಖಲಿಸಬೇಕೆಂಬ 1988ರ ಕಾಯಿದೆಯ ಮಾತನ್ನು ಅಣ್ಣನು ಪಾಲಿಸಿದ್ದನು.

ತಂದೆಯವರ ನೆನಪು ನನ್ನನ್ನೂ ಹಳೆಯ ಇಂಜಿನಿನ ಕಡೆಗೇ ಎಳೆಯಿತು. ಇಂಜಿನನ್ನು ನೋಡಿ ಹೇಳಲು ಬದಿಯಡ್ಕದಿಂದ ಒಬ್ಬ ವೃದ್ಧ ಮೆಕ್ಯಾನಿಕನನ್ನು ಕರೆತಂದೆ. ಅಡಿಕೆಯ ಹಾಳೆಗಳನ್ನೂ ಗೋಣಿಗಳನ್ನೂ ಸರಿಸಿದಾಗ ಅದು ಹಲಗೆಗಳ ಮೇಲೆ ಕುಳಿತಿದ್ದಿತು. ಮೂವತ್ತು ವರ್ಷಗಳ ತುಕ್ಕಿನಲ್ಲಿ ಕಲ್ಲಾಗಿರಬಹುದೆಂದು ನಾನು ಭಾವಿಸಿದ್ದೆ. ಅವನು ನಾಲ್ಕು ಪ್ಲಗ್ಗುಗಳನ್ನು ಬಿಚ್ಚಿ, ಒಳಗೆ ಬೆರಳಿಟ್ಟು, ಬೆರಳನ್ನು ನನ್ನ ಮುಂದೆ ಹಿಡಿದನು. ಎಣ್ಣೆ! ಬಳಿಕ ಮುಂಭಾಗದ ಚಕ್ರಕ್ಕೆ ಸನ್ನೆಕೋಲನ್ನು ಕೊಟ್ಟು ಒತ್ತಿದನು. ಇಂಜಿನು ಮೊದಲು ಒಪ್ಪಲಿಲ್ಲ. ಮತ್ತೆ ನಿಡಿದಾದ ಉಸಿರೊಂದನ್ನು ಬಿಟ್ಟು ತಿರುಗಿತು.

“ಮಾಷ್ಟ್ರೇ,” ಎಂದನು ಅವನು, “ನಿಮ್ಮ ಅಣ್ಣ ಪ್ರತಿವರ್ಷ ಮಳೆ ಹಿಡಿಯುವ ಮೊದಲು ನನ್ನಲ್ಲಿಂದ ಒಂದು ಲೀಟರು ಎಣ್ಣೆ ಒಯ್ಯುತ್ತಿದ್ದರು. ಜೀಪಿಗೆಂದು ತಿಳಿದಿದ್ದೆ. ಈಗ ಗೊತ್ತಾಯಿತು. ಇದಕ್ಕೆ ಎರೆದು, ಕೈಯಲ್ಲಿ ತಿರುಗಿಸಿ ಇಟ್ಟಿದ್ದಾರೆ.”

ನಾನು ಅಲ್ಲಿಯೇ ಕಟ್ಟಿಗೆಯ ರಾಶಿಯ ಮೇಲೆ ಕುಳಿತೆ. ಅಣ್ಣನಿಗೆ ತಂದೆಯವರ ಇಂಜಿನಿನ ಮೇಲೆ ಪ್ರೀತಿಯಿಲ್ಲವೆಂದು ಎಷ್ಟು ವರ್ಷ ನಂಬಿದ್ದೆ! ಪ್ರೀತಿಯನ್ನು ಮಾತಿನಲ್ಲಿ ತೋರಿಸಲು ಅವನಿಗೆ ಬರುತ್ತಿರಲಿಲ್ಲ, ಎಣ್ಣೆಯಲ್ಲಿ ತೋರಿಸಿದ್ದನು. ಅದನ್ನು ನೋಡಬೇಕಾಗಿದ್ದವರು ನೋಡಲಿಲ್ಲ.

ಆಗ 1996ರ ಒಂದು ರಾತ್ರಿ ನೆನಪಾಯಿತು. ಆಟಿಯ ಮಳೆ, ತಂದೆಯವರಿಗೆ ಎದೆನೋವು. ದಾರಿಯಲ್ಲಿ ನೀರು ಮೊಣಕಾಲಿನವರೆಗೆ ಹರಿಯುತ್ತಿದ್ದಿತು. ಅಣ್ಣನು ತಂದೆಯವರನ್ನು ಎತ್ತಿ ಜೀಪಿನಲ್ಲಿ ಮಲಗಿಸಿದನು. ತಲೆ ನನ್ನ ತೊಡೆಯ ಮೇಲೆ. ಮುಂದಿನ ಚಕ್ರಗಳನ್ನು ಜೋಡಿಸುವ ಸಣ್ಣ ಹಿಡಿಯನ್ನೂ, ಬಲವನ್ನು ಎರಡೂವರೆ ಪಟ್ಟಿನಷ್ಟು ಹೆಚ್ಚಿಸುವ ಇನ್ನೊಂದು ಹಿಡಿಯನ್ನೂ ಎಳೆದು, ಅಣ್ಣನು ಏರನ್ನು ಹತ್ತಿಸಿದನು. ಮಾರ್ಗಕ್ಕೆ ತಲುಪಿದ ಮೇಲೆ ತಂದೆಯವರು ಕಣ್ಣು ತೆರೆದು ಮೆಲ್ಲನೆ ಹೇಳಿದರು: “ಗದ್ದಲ ಹೆಚ್ಚು. ಏರು ಮಾತ್ರ ಹತ್ತುತ್ತದೆ.” ಮಂಗಳೂರಿನ ಆಸ್ಪತ್ರೆಯಿಂದ ಅವರು ಮರಳಲಿಲ್ಲ. ಆ ಇಂಜಿನಿಗೆ ಅವರಿಂದ ದೊರೆತ ಪ್ರಶಸ್ತಿ ಅದೊಂದೇ. ಗದ್ದಲದಲ್ಲಿ ಅಣ್ಣನಿಗೆ ಅದು ಕೇಳಿಸಿರಲಿಲ್ಲ, ನಾನೂ ಹೇಳಲಿಲ್ಲ. ನಾಳೆ ಹೇಳುವೆನೆಂದು ಇಪ್ಪತ್ತು ವರ್ಷಗಳನ್ನು ಕಳೆದೆನು. ಈ ಅಪರಾಧ ಮಾತ್ರ ಯಾವ ಗ್ಯಾರೇಜಿನಲ್ಲಿಯೂ ದುರಸ್ತಿಯಾಗದು.

ತರಗತಿಯಲ್ಲಿ ಹಳಗನ್ನಡವನ್ನು ಕಲಿಸುವಾಗ ನಾನು ಪಕಾರವು ಹಕಾರವಾದುದನ್ನು ವಿವರಿಸುತ್ತಿದ್ದೆ: ಪಾಲ್ ಎಂಬುದು ಹಾಲಾಯಿತು, ಪುಲಿ ಎಂಬುದು ಹುಲಿಯಾಯಿತು. ತುಳು ಮನೆಮಾತಿನ ಮಕ್ಕಳು “ನಮ್ಮಲ್ಲಿ ಈಗಲೂ ಪಿಲಿಯೇ, ಮಾಷ್ಟ್ರೇ” ಎಂದು ನಗುತ್ತಿದ್ದರು. ಮೊದಲಕ್ಷರವೇ ಬದಲಾದರೂ ಹಾಲು ಹಾಲಾಗಿಯೇ ಉಳಿಯಿತು. ಏಕೆಂದರೆ ಜನರು ಆ ಮಾತನ್ನು ಬಳಸುವುದನ್ನು ಬಿಡಲಿಲ್ಲ. ಪಾಲ್ ಎಂಬುದೇ ಶುದ್ಧವೆಂದು ಇಂದು ಅಂಗಡಿಯಲ್ಲಿ ಕೇಳಿದರೆ ನಗೆಗೀಡಾದೇವು. ಹಾಗೆಂದು ಪಾಲ್ ಎಂಬುದನ್ನು ಮರೆಯುವುದೂ ಸಲ್ಲದು.

ಆ ಹೊಸ ನಿಯಮದಲ್ಲಿ ಇನ್ನೂ ಒಂದು ಮಾತಿದೆ: ವಿಂಟೇಜ್ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನ, ಮೆರವಣಿಗೆ ಮೊದಲಾದುವಕ್ಕೆ ಮಾತ್ರ ಮಾರ್ಗಕ್ಕೆ ಇಳಿಸಬಹುದು. ಗೌರವ ಬರುತ್ತದೆ, ದಾರಿ ಮುಚ್ಚುತ್ತದೆ. ನಾನು ಅಣ್ಣನ ಮಗನಿಗೆ ಇದನ್ನೆಲ್ಲ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ಡೀಸೆಲೇ ಇರಲಿ, ಚಿಕ್ಕಪ್ಪ” ಎಂದನು.

ಕೆಲಸ ನಾಲ್ಕು ತಿಂಗಳು ನಡೆಯಿತು. ಡೀಸೆಲ್ ಇಂಜಿನಿನ ನಡುಕಕ್ಕೆ, ಅದನ್ನು ಹೊತ್ತ ಆಧಾರಗಳ ಬೆಸುಗೆ ಬಿರುಕುಬಿಟ್ಟಿದ್ದಿತು. ಹೆಚ್ಚಿನ ಭಾರಕ್ಕೆ ಮುಂದಿನ ಪಟ್ಟಾಗಳು ಬಾಗಿದ್ದುವು. ಆಧಾರಗಳನ್ನು ಹೊಸದಾಗಿ ಮಾಡಿ ದಪ್ಪನೆಯ ರಬ್ಬರನ್ನು ಕೊಟ್ಟೆವು. ಪಟ್ಟಾಗಳಿಗೆ ಒಂದೊಂದು ಎಲೆಯನ್ನು ಸೇರಿಸಿದೆವು. ನೆಲದ ತಗಡನ್ನೂ ಬ್ರೇಕನ್ನೂ ಪೂರ್ಣವಾಗಿ ಬದಲಿಸಿದೆವು. ಫ್ರೆಂಚ್ ಇಂಜಿನಿಗೂ ಅಮೆರಿಕದ ಮೂರು ಗೇರುಗಳ ಪೆಟ್ಟಿಗೆಗೂ ನಡುವೆ ಅಣ್ಣನು ಮಾಡಿಸಿದ್ದ ಕಬ್ಬಿಣದ ಫಲಕ ಮಾತ್ರ ಕೂದಲೆಳೆಯಷ್ಟೂ ಸರಿದಿರಲಿಲ್ಲ. ಎರಡು ದಂಡಗಳು ಒಂದೇ ನೇರದಲ್ಲಿ ಕೂಡದಿದ್ದರೆ ಕ್ಲಚ್ಚು ಬಾಳುವುದಿಲ್ಲ. “ಲೇತಿನ ಮುಂದೆ ಎರಡು ದಿನ ಕುಳಿತು ಮಾಡಿಸಿದ್ದರು” ಎಂದನು ಮೆಕ್ಯಾನಿಕ್. ಎರಡು ಬೇರೆ ವಸ್ತುಗಳನ್ನು ಕೂಡಿಸುವ ವಿದ್ಯೆ ಅಣ್ಣನಿಗೆ ತಿಳಿದಿದ್ದಿತು. ಮನುಷ್ಯರ ವಿಷಯದಲ್ಲಿ ನಾವು ಮೂವರೂ ಅದನ್ನು ಕಲಿತಿರಲಿಲ್ಲ.

ಈಗ ಜೀಪು ಗುಡ್ಡವನ್ನು ಹತ್ತುತ್ತದೆ. ಗದ್ದಲ ಹೆಚ್ಚು. ಎತ್ತರಿಸಿದ ಬಾನೆಟ್ಟು, ಯಾವ ಇಂಜಿನಿಗಾಗಿ ತಲೆಯೆತ್ತಿತ್ತೋ ಅದು ಇಲ್ಲದಿದ್ದರೂ, ಹಾಗೆಯೇ ತಲೆಯೆತ್ತಿ ನಿಂತಿದೆ. ಈ ವರ್ಷ ಮಳೆ ಹಿಡಿಯುವ ಮೊದಲು ನಾನು ಬದಿಯಡ್ಕದಿಂದ ಒಂದು ಲೀಟರು ಎಣ್ಣೆಯನ್ನು ತಂದೆನು. ಕಟ್ಟಿಗೆಯ ಕೊಟ್ಟಿಗೆಗೆ ಹೋಗಿ ನಾಲ್ಕು ಪ್ಲಗ್ಗುಗಳನ್ನು ಬಿಚ್ಚಿ, ಸಮನಾಗಿ ಎರೆದು, ಸನ್ನೆಕೋಲಿನಿಂದ ಎರಡು ಸುತ್ತು ತಿರುಗಿಸಿ, ಹಾಳೆಗಳನ್ನು ಮತ್ತೆ ಹೊದಿಸಿ ಬಂದೆನು.