ಗಂಗೊಳ್ಳಿಯವನಿಗೆ ಗೊತ್ತಿರಲೇಬೇಕು

ಹೈದರಾಬಾದಿನಲ್ಲಿ ಯಾರಾದರೂ ಊರು ಯಾವುದೆಂದು ಕೇಳಿದರೆ ನಾನು ಗಂಗೊಳ್ಳಿ ಎನ್ನುತ್ತೇನೆ. ಅದು ಉಡುಪಿ ಜಿಲ್ಲೆಯ ಮೀನುಗಾರಿಕೆ ಬಂದರು, ಪಂಚಗಂಗಾವಳಿ ಕಡಲು ಸೇರುವ ಜಾಗ ಎಂದು ವಿವರಿಸಿದ ಮೇಲೆ ಕೇಳಿದವರು ಒಂದು ತೀರ್ಮಾನಕ್ಕೆ ಬಂದುಬಿಡುತ್ತಾರೆ. ಇವನಿಗೆ ಈಜು ಬರುತ್ತದೆ, ದೋಣಿ ಬರುತ್ತದೆ, ದೋಣಿಯ ಇಂಜಿನ್ ಅಂತೂ ಬಂದೇ ಬರುತ್ತದೆ! ನಿಜ ಹೇಳಬೇಕೆಂದರೆ, ನಾನು ಕಡಲಿಗೆ ಇಳಿಯಬಾರದೆಂದೇ ಅಪ್ಪ ನನ್ನನ್ನು ಬಿ.ಕಾಂ. ಓದಿಸಿದ್ದು. ಆದರೆ ಪರಊರಿನಲ್ಲಿ ಯಾರಾದರೂ ನಮಗೊಂದು ಹಿರಿಮೆ ಕೊಟ್ಟರೆ ಅದನ್ನು ವಾಪಸು ಕೊಡಲು ಮನಸ್ಸು ಬರುವುದಿಲ್ಲ.

ನೀರು ನೋಡುವ ಆಸೆಗೆ ನಾನು ಭಾನುವಾರಗಳಂದು ಹುಸೇನ್ ಸಾಗರಕ್ಕೆ ಹೋಗುತ್ತಿದ್ದೆ. ಅಲ್ಲಿ ಮಕ್ಕಳು ಒಬ್ಬೊಬ್ಬರೇ ಕೂರುವ ಪುಟ್ಟ ಹಾಯಿದೋಣಿಗಳಲ್ಲಿ ಕಲಿಯುತ್ತಾರೆ. ಅವರ ಹಿಂದೆ ಮುಂದೆ ಓಡಾಡಲು ಒಂದು ರಕ್ಷಣಾ ದೋಣಿ, ಅದಕ್ಕೆ ನಲವತ್ತು ಅಶ್ವಶಕ್ತಿಯ ಔಟ್‌ಬೋರ್ಡ್ ಇಂಜಿನ್. ಒಂದು ವಾರ ಅದು ಚಾಲೂ ಆಗದೆ ಸತಾಯಿಸಿತು. ದೋಣಿ ನಡೆಸುವಾತ ನನ್ನತ್ತ ತಿರುಗಿ, 'ಸಾಬ್, ನೀವು ಸಮುದ್ರದ ಕಡೆಯವರು, ನೋಡಿ' ಎಂದ. ನಾನು ಗಂಭೀರವಾಗಿ ಬಗ್ಗಿ ನೋಡಿ, 'ಬ್ಯಾಟರಿ ಹೋಗಿದೆ' ಎಂದೆ. ಹೊಸ ಬ್ಯಾಟರಿ ಬಂತು. ಹಾಕುವಾಗ ವಯರುಗಳೆಲ್ಲ ಅಲುಗಾಡಿದ್ದಕ್ಕೋ ಏನೋ, ಇಂಜಿನ್ ಹೊತ್ತಿಕೊಂಡಿತು. ನನ್ನ ಗೌರವ ಉಳಿಯಿತು.

ಮುಂದಿನ ಭಾನುವಾರ. ಮೇ ತಿಂಗಳು. ಸಂಜೆ ಸಿಕಂದರಾಬಾದಿನ ಕಡೆಯಿಂದ ಕಪ್ಪು ಮೋಡ ಎದ್ದು ಬಂತು. ಎಂಟು ಮಕ್ಕಳು ನೀರಿನ ಮೇಲಿದ್ದರು. 1562ರ ಹೊತ್ತಿಗೆ ಕುತುಬ್‌ಶಾಹಿಗಳು ಕಟ್ಟಿಸಿದ ಕೆರೆ ತಾನೇ, ಕಡಲಲ್ಲವಲ್ಲ ಎಂದು ನೀವು ಅನ್ನಬಹುದು. ಆದರೆ 1990ರ ಮಾರ್ಚ್ 10ರಂದು ಬುದ್ಧನ ಬೃಹತ್ ವಿಗ್ರಹ ಸಾಗಿಸುವಾಗ ಅನಾಹುತವಾಗಿ ಜೀವಗಳು ಹೋದದ್ದು ಇದೇ ನೀರಿನಲ್ಲಿ. 1992ರ ಡಿಸೆಂಬರಿನಲ್ಲಿ ಮೇಲೆತ್ತಿ ನಿಲ್ಲಿಸುವ ತನಕ ಆ ವಿಗ್ರಹ ತಳದಲ್ಲೇ ಮಲಗಿತ್ತು.

ಕೀ ತಿರುಗಿಸಿದರೆ ಟಕ್, ಟಕ್, ಟಕ್. ಅಷ್ಟೇ. ದೋಣಿಯಾತ ನನ್ನ ಮುಖ ನೋಡಿದ. ನನಗೆ ಹೊಟ್ಟೆಯೊಳಗೆ ಕಲಸಿದಂತಾಯಿತು. ಗಂಗೊಳ್ಳಿಯ ಬಂದರಿನಲ್ಲಿ ಇಂಜಿನ್ ರಿಪೇರಿ ಮಾಡುವ ಭಾವನಿಗೆ ಫೋನ್ ಮಾಡಿದೆ. ಮಾತಾಡಿ ಆರು ತಿಂಗಳಾಗಿತ್ತು.

'ಮಕ್ಕಳ್ ನೀರಂಗೆ ಇದ್ರಾ? ಹಾಂಗಾರೆ ಬ್ಯಾಟ್ರಿ ಬಿಡ್, ಹಗ್ಗ ಹಿಡಿ' ಎಂದರು ಭಾವ.

ಗೇರು ನ್ಯೂಟ್ರಲ್‌ನಲ್ಲಿದೆಯೇ ನೋಡು, ಮೇಲಿನ ಮುಚ್ಚಳ ತೆಗೆ, ಚಕ್ರದ ಅಂಚಿನ ಕಚ್ಚಿಗೆ ಹಗ್ಗದ ಗಂಟು ಸಿಕ್ಕಿಸಿ, ಗಡಿಯಾರದ ದಿಕ್ಕಿಗೆ ಸುತ್ತಿ ಒಂದೇ ಸಲ ಎಳೆ. ಆ ಇಂಜಿನ್ನಿನ ಕಿಡಿ ಅದರ ಚಕ್ರವೇ ಹುಟ್ಟಿಸಿಕೊಳ್ಳುವಂಥದ್ದು, ಬ್ಯಾಟರಿಯ ಹಂಗಿಲ್ಲ. ದೋಣಿಯಾತ ಎಳೆದ. ಮೂರನೆಯ ಎಳೆತಕ್ಕೆ ಹೊತ್ತಿತು. ಎರಡು ದೋಣಿ ಮಗುಚಿದ್ದವು. ಎಂಟು ಮಕ್ಕಳೂ ದಡಕ್ಕೆ ಬಂದಾಗ ನಾನು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದೆ.

ರಾತ್ರಿ ಮತ್ತೆ ಫೋನ್ ಮಾಡಿ ಬ್ಯಾಟರಿಯ ಕಥೆ ಒಪ್ಪಿಸಿದೆ. 'ಗೊತ್ತಿಲ್ದೆ ಇದ್ರೆ ಗೊತ್ತಿಲ್ಲೆ ಅಂತ ಹೇಳುಕೆ ಎಂತ ಮಾರಾಯಾ?' ಎಂದು ಬೈದು, ಆಮೇಲೆ ಪಾಠ ಶುರು ಮಾಡಿದರು. ಮೊದಲು ಸದ್ದು ಕೇಳಬೇಕಂತೆ. ಕೀ ತಿರುಗಿಸಿದಾಗ ಸದ್ದೇ ಇಲ್ಲದಿದ್ದರೆ ಗೇರು ನ್ಯೂಟ್ರಲ್‌ನಲ್ಲಿಲ್ಲ, ಇಲ್ಲವೇ ಫ್ಯೂಸು, ಕೀ ಸ್ವಿಚ್ಚು ನೋಡಬೇಕು. ಇಂಜಿನ್ ಚೆನ್ನಾಗಿ ತಿರುಗಿಯೂ ಹೊತ್ತದಿದ್ದರೆ ಕರೆಂಟು ಸ್ಟಾರ್ಟರಿನ ತನಕ ಬಂದಿದೆ ಎಂದರ್ಥ. ಆಗ ಕೈಗೆ ಕಟ್ಟುವ ಕೆಂಪು ದಾರದ ಕ್ಲಿಪ್ಪು, ಪೆಟ್ರೋಲು, ಪ್ಲಗ್ಗು ನೋಡಬೇಕು. ಬರೀ ಟಕ್ ಎಂದರೆ ರಿಲೇ ಎಳೆಯುತ್ತಿದೆ, ಸ್ಟಾರ್ಟರಿಗೆ ಬೇಕಾದಷ್ಟು ಕರೆಂಟು ಮುಟ್ಟುತ್ತಿಲ್ಲ. 'ಸಪೂರ ದಾರಿಯಂಗೆ ಸೈಕಲ್ ಹೋತ್, ಲಾರಿ ಹೋತಿಲ್ಲೆ' ಎಂದರು. ರಿಲೇ ಸೈಕಲ್ಲು, ನೂರಕ್ಕೂ ಹೆಚ್ಚು ಆಂಪಿಯರ್ ಬೇಡುವ ಸ್ಟಾರ್ಟರು ಲಾರಿ.

ಮರುದಿನ ರಜೆ ಹಾಕಿ, ಮೀಟರ್ ಹಿಡಿದು ಹೋದೆ. ಸುಮ್ಮನಿದ್ದಾಗ ಬ್ಯಾಟರಿ 12.6 ವೋಲ್ಟ್. ಅದನ್ನು ನೋಡಿ ಮೋಸ ಹೋಗಬಾರದು, ಕೀ ತಿರುಗಿಸಿ ಹಿಡಿದಾಗ ನೋಡಬೇಕು. ಆಗ ಒಂಬತ್ತಕ್ಕೆ ಕುಸಿದರೆ ಬ್ಯಾಟರಿಯದೇ ತಪ್ಪು. ನಮ್ಮದು 12.4ರಲ್ಲೇ ನಿಂತಿತು. ಎಂದರೆ ಬ್ಯಾಟರಿ ಕೊಡಲು ತಯಾರಿದೆ, ದಾರಿ ಇಲ್ಲ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಋಣ ಕಂಬದ ಮೇಲೆ, ಇನ್ನೊಂದು ಇಂಜಿನ್ನಿನ ಲೋಹದ ಮೈಗೆ. ಕೀ ತಿರುಗಿಸಿದಾಗ ಸೊನ್ನೆಯ ಹತ್ತಿರವೇ ಇರಬೇಕಾದ ಅಂಕಿ ಏಳೆಂಟು ವೋಲ್ಟಿನ ತನಕ ಕುಣಿಯಿತು. ಕಪ್ಪು ವಯರು ಇಂಜಿನ್ನಿಗೆ ಸೇರುವ ಕಡೆಯೇ ಕಳ್ಳ ಕೂತಿದ್ದ.

ಬ್ಯಾಟರಿ ಕಳಚಿಟ್ಟು, ಬೋಲ್ಟು ಬಿಚ್ಚಿದೆ. 'ತಾಮ್ರ ಹಸಿರಾ, ಕಪ್ಪಾ?' ಎಂದು ಭಾವ ಕೇಳಿದರು. ಕಡಲ ಉಪ್ಪಿಗೆ ಹಸಿರು ಕಿಲುಬು ಹಿಡಿಯುವುದು ಅವರಿಗೆ ಗೊತ್ತು. ಇಲ್ಲಿ ಕಪ್ಪಗಾಗಿತ್ತು. ಬೇಸಗೆಯಲ್ಲಿ ಹುಸೇನ್ ಸಾಗರದ ಕೊಳಚೆಯಿಂದ ಕೊಳೆತ ಮೊಟ್ಟೆಯ ನಾತ ಬರುತ್ತದಲ್ಲ, ಆ ಗಾಳಿ ಬೆಳ್ಳಿ ದೀಪವನ್ನು ಕಪ್ಪಾಗಿಸುವಂತೆ ತಾಮ್ರವನ್ನೂ ಕಪ್ಪಾಗಿಸುತ್ತದೆ. 'ಹೌದಾ? ಅದ್ ನಂಗೆ ಗೊತ್ತಿಲ್ಲೆ' ಎಂದರು ಭಾವ, ಎಷ್ಟು ಸಲೀಸಾಗಿ!

ಹೊಳೆಯುವ ತಾಮ್ರ ಸಿಗುವ ತನಕ ವಯರು ಕತ್ತರಿಸಿ, ಹೊಸ ಲಗ್ಗು ಒತ್ತಿ, ಬೋಲ್ಟಿನ ಜಾಗವನ್ನು ಉಜ್ಜಿ ಸ್ಪ್ಯಾನರಿನಲ್ಲಿ ಬಿಗಿದು ಗ್ರೀಸು ಬಳಿದೆವು. ಕೀ ತಿರುಗಿಸಿದ ಕೂಡಲೇ ಇಂಜಿನ್ ಮೊರೆಯಿತು.

ದೋಣಿಯಾತ, 'ಗಂಗೊಳ್ಳಿಯವರಲ್ಲವೇ!' ಎಂದ. 'ನನಗೆ ಗೊತ್ತಿರಲಿಲ್ಲ. ನಮ್ಮ ಭಾವ ಹೇಳಿಕೊಟ್ಟದ್ದು, ಬ್ಯಾಟರಿಯ ದುಡ್ಡು ನಾನು ಕೊಡುತ್ತೇನೆ' ಎಂದೆ. ಅವನಿಗೆ ಕೊಂಚ ನಿರಾಸೆಯಾದಂತೆ ಕಂಡಿತು.

ಈಗ ಭಾನುವಾರ ಭಾವನಿಗೆ ಫೋನ್ ಮಾಡುತ್ತೇನೆ. ಮೊದಲು ಇಂಜಿನ್ನಿನ ಸುದ್ದಿ, ಆಮೇಲೆ ಅಕ್ಕನದು.